ನೂರು ಕೊಳವೆಗೆ ನೂರು ಎಳೆತ

ಆಗಸ್ಟ್ 29, ಸೋಮವಾರ

ಮಿಸೂಲಾ ಪೇಟೆಯ ಕಣ್ಣಿನ ಆಸ್ಪತ್ರೆಯಿಂದ ಮನೆ ತಲುಪುವವರೆಗೆ ಹಾಲ್ವರ್ ತುಟಿ ಪಿಟಕ್ಕೆನ್ನಲಿಲ್ಲ. ಕಣ್ಣಿನ ಡಾಕ್ಟರು ಇಬ್ಬರ ಮುಂದೆಯೇ ಬಿಡಿಸಿ ಹೇಳಿದ್ದರು. ಅವನ ನೋಟದ ಅಂಚು ಉಳಿಯುತ್ತದಂತೆ, ನಡುಭಾಗ ಹೋಗುತ್ತದಂತೆ. ಈಗಾಗಲೇ ಬಹಳಷ್ಟು ಹೋಗಿದೆಯಂತೆ. ಅಂದರೆ ಬಾಗಿಲು ಕಾಣುತ್ತದೆ, ಬೀಗದ ತೂತು ಕಾಣುವುದಿಲ್ಲ. ಗಾಡಿ ಓಡಿಸುವ ಹಾಗಿಲ್ಲ. ನಾನೇ ಓಡಿಸಿಕೊಂಡು ಬಂದೆ. ಗಂಡ ಅನ್ನುವವನು ಪಕ್ಕದಲ್ಲಿ ಆಲೂಗಡ್ಡೆ ಮೂಟೆಯ ಹಾಗೆ ಕೂತಿದ್ದ.

ಗಾಡಿ ನಿಂತದ್ದೇ ತಡ, ಕೋಟನ್ನೂ ಬಿಚ್ಚದೆ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡ. ಮದುವೆಯಾದಾಗಿನಿಂದ ಆ ಗ್ಯಾರೇಜಿನೊಳಗೆ ಗಾಡಿ ನಿಂತದ್ದೇ ಇಲ್ಲ. ಅಲ್ಲಿರುವುದು ಅವನ ಸೀಸ, ಅವನ ಅಚ್ಚುಗಳು, ಅವನ ಸಿಡಿಮದ್ದಿನ ಡಬ್ಬಿಗಳು. ತನ್ನ ರಿವಾಲ್ವರಿನ ತೋಟೆಗಳನ್ನು ತಾನೇ ಮಾಡಿಕೊಳ್ಳದ ಗಂಡಸು ಅವನ ಲೆಕ್ಕದಲ್ಲಿ ಗಂಡಸೇ ಅಲ್ಲ. ಬಾಗಿಲ ಮೇಲೆ ಒಂದು ಹಲಗೆ ಬೇರೆ: "ಮದ್ದು ಹಾಕುತ್ತಿದ್ದೇನೆ. ಮಾತು ಬೇಡ." ಮದ್ದು ಹಾಕುವಾಗ ಮನೆಗೆ ಬೆಂಕಿ ಬಿದ್ದರೂ ಅವನನ್ನು ಕರೆಯಬಾರದು. ಕರೆದರೆ ಸಂತೆಯ ಪೊಲೀಸಿನವನ ಹಾಗೆ ಒಂದು ಕೈ ಮೇಲೆತ್ತುತ್ತಾನೆ, ಕೈಯಲ್ಲಿರುವ ತೋಟೆಗಳ ಸಾಲು ಮುಗಿಯುವವರೆಗೆ ತಿರುಗಿಯೂ ನೋಡುವುದಿಲ್ಲ. ನಾನು ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಒಲೆಯ ಮುಂದೆ ನಿಂತೇ ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದೆ. ಇಂಥ ದುರಹಂಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಬ್ರಿಟಾ ಫೋನು ಮಾಡಿದಳು. ನಮಗಿರುವವಳು ಅವಳೊಬ್ಬಳೇ ಮಗಳು. ಬೇಸಿಗೆಯಿಂದ ಹಿಮ ಬೀಳುವವರೆಗೆ ಅವಳಿಗೆ ಬೆಟ್ಟದಲ್ಲಿ ಕೆಲಸ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಹೋಗಿ ಕಾಲುದಾರಿಗೆ ಅಡ್ಡ ಬಿದ್ದ ಮರಗಳನ್ನು ಕಡಿದು ತೆಗೆಯುವುದು. ಸೊಂಟದಲ್ಲಿ ಅಪ್ಪ ಕೊಟ್ಟ ಮ್ಯಾಗ್ನಮ್ ರಿವಾಲ್ವರ್. ಕರಡಿ ಮೈಮೇಲೆ ಬಂದರೆ ಅದು ಬೇಕು. ಪ್ರಾಣಿ ಕಾಲು ಮುರಿದುಕೊಂಡು ನರಳುತ್ತಿದ್ದರೆ ಆಗಲೂ ಅದು ಬೇಕು. ಅದರೊಳಗೆ ಅಂಗಡಿಯ ತೋಟೆ ಇಳಿದದ್ದೇ ಇಲ್ಲ. ಶನಿವಾರ ಬರುತ್ತಾಳಂತೆ, ಹೊಸ ತೋಟೆ ಬೇಕಂತೆ. ಹಾಲ್ವರನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು.

ಸೆಪ್ಟೆಂಬರ್ 1, ಗುರುವಾರ

ಇವತ್ತು ಗುಂಡು ಎರಕ ಹೊಯ್ಯುವ ದಿನ. ಕಾಫಿ ಕೊಡುವ ನೆಪದಲ್ಲಿ ಒಳಗೆ ಹೋದೆ. ಟಯರ್ ಅಂಗಡಿಯವರು ಬಿಸಾಡುವ ಸೀಸದ ತುಂಡುಗಳನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿ, ಸೌಟಿನಿಂದ ಅಚ್ಚಿಗೆ ಹೊಯ್ದು, ಅಚ್ಚು ಬಿಚ್ಚಿ ಗುಂಡುಗಳನ್ನು ಹಳೇ ಟವೆಲ್ಲಿನ ಮೇಲೆ ಬೀಳಿಸುತ್ತಿದ್ದ. ಕರಗಿದ ಸೀಸ ತಿಳಿಯಾಗಲೆಂದು ಹಾಕುವ ಜೇನುಮೇಣದ ವಾಸನೆ. ಆ ವಾಸನೆ ನನಗೆ ಇಷ್ಟ, ಅವನಿಗೆ ಹೇಳಿಲ್ಲ.

ಅಚ್ಚು ಸರಿಯಾಗಿ ಕಾಯದಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಅಂಥದ್ದನ್ನು ಅವನು ಯಾವಾಗಲೂ ಬೈದುಕೊಂಡು ವಾಪಸ್ ಪಾತ್ರೆಗೆ ಹಾಕುತ್ತಿದ್ದ. ಇವತ್ತು ಸುಕ್ಕಿನವು ಒಳ್ಳೆಯವುಗಳ ಜೊತೆಯಲ್ಲೇ ಬಿದ್ದಿದ್ದವು.

"ಏನ್ ನೋಡ್ತಾ ನಿಂತೆ?" ಅಂದ.

"ಏನಿಲ್ಲ. ಚೆನ್ನಾಗ್ ಬಂದಿದೆ."

"ಬರ್ದೇ ಇನ್ನೇನು?"

ಅವನು ಬೆನ್ನು ತಿರುಗಿಸಿದಾಗ ಸುಕ್ಕಿನ ಗುಂಡುಗಳನ್ನು ಆರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದೆ. ಈಗ ಅವು ಹಿಟ್ಟಿನ ಡಬ್ಬಿಯ ಹಿಂದೆ ಇವೆ. ಯಾಕೆ ಹೇಳದೆ ಬಂದೆನೋ ಗೊತ್ತಿಲ್ಲ. ಡಾಕ್ಟರು ಗಾಡಿ ಕಸಿದುಕೊಂಡ ವಾರದಲ್ಲೇ ನಾನು ಗ್ಯಾರೇಜನ್ನೂ ಕಸಿದುಕೊಳ್ಳಲಾರೆ.

ಸೆಪ್ಟೆಂಬರ್ 3, ಶನಿವಾರ

ಬ್ರಿಟಾ ಬಂದು ಹೋದಳು. ಮೈಯೆಲ್ಲ ಹೇಸರಗತ್ತೆಯ ವಾಸನೆ, ಉಗುರು ತುಂಬ ಮರದ ಅಂಟು. ಹಕಲ್‌ಬೆರಿ ಹಣ್ಣಿನ ಪೈ ಅರ್ಧ ಅವಳೊಬ್ಬಳೇ ತಿಂದಳು. ಬಿಸ್ಕಟ್ ಅನ್ನುವ ಹೇಸರಗತ್ತೆ ಮೂರು ಸಲ ಒದ್ದದ್ದನ್ನು ಅಭಿನಯಿಸಿ ತೋರಿಸಿದಳು. ಹಾಲ್ವರ್ ನಕ್ಕು ನಕ್ಕು ಕೆಮ್ಮಿದ.

ನೂರು ತೋಟೆ ಮಾಡಿದ್ದ. ಐವತ್ತನ್ನು ಡಬ್ಬಿಯಲ್ಲಿಟ್ಟು ಅವಳ ಕೈಗೆ ಕೊಟ್ಟ, ಉಳಿದ ಐವತ್ತು ತನಗೆ. ಹೊರಡುವಾಗ ಗಾಡಿಯ ಹತ್ತಿರ ಬ್ರಿಟಾ ದನಿ ತಗ್ಗಿಸಿ ಕೇಳಿದಳು:

"ಅಮ್ಮಾ, ಅಪ್ಪಂಗೆ ಎಷ್ಟು ಕಾಣ್ಸತ್ತೆ? ನಿಜ ಹೇಳು."

"ಬೇಕಾದಷ್ಟು ಕಾಣ್ಸತ್ತೆ ಬಿಡು," ಅಂದೆ.

ಹಾಲ್ವರ್ ಜಗುಲಿಯಲ್ಲಿ ನಿಂತು ಕೈ ಬೀಸುತ್ತಿದ್ದ. ಗಾಡಿ ಹೋದ ದಿಕ್ಕಿಗೆ ಸರಿಯಾಗಿಯೇ ಬೀಸುತ್ತಿದ್ದ.

ಸೆಪ್ಟೆಂಬರ್ 10, ಶನಿವಾರ

ಬರೆಯಲೇಬೇಕು. ಬರೆಯದಿದ್ದರೆ ಪಾತ್ರೆಗಳನ್ನು ಮತ್ತೆ ತೊಳೆಯಲು ಶುರುಮಾಡುತ್ತೇನೆ. ಈಗಾಗಲೇ ಎರಡು ಸಲ ತೊಳೆದಾಯಿತು.

ಬೆಳಿಗ್ಗೆ ಹಾಲ್ವರನನ್ನೂ ಪಕ್ಕದ ಮನೆಯ ವೆಂಡೆಲನನ್ನೂ ಜಲ್ಲಿಯ ಹೊಂಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಂದು ತುಕ್ಕು ಹಿಡಿದ ಡ್ರಮ್ಮಿದೆ, ಊರಿನ ಗಂಡಸರೆಲ್ಲ ಅದಕ್ಕೇ ಹೊಡೆದು ಅಭ್ಯಾಸ ಮಾಡುವುದು. ಅಂಚು ಕಂಡರೂ ಡ್ರಮ್ಮು ಡ್ರಮ್ಮೇ ತಾನೆ, ಹಾಲ್ವರ್ ಹೊಡೆಯುತ್ತಲೇ ಇದ್ದ. ನಾನು ಗಾಡಿಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದೆ. ಡಂ, ಡಂ ಎಂದು ಕೇಳಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಟಪ್ ಎಂದಿತು. ಬಾಟಲಿಯ ಬಿರಡೆ ತೆಗೆದ ಹಾಗೆ, ಅಷ್ಟೇ ಸದ್ದು.

"ಹೊಡೀಬೇಡ! ಹೊಡೀಬೇಡ್ವೋ!" ವೆಂಡೆಲ್ ಕೂಗಿಕೊಂಡು ಹಾಲ್ವರನ ಮಣಿಕಟ್ಟು ಹಿಡಿದ. ಅವನ ಬೆರಳು ಆಗಲೇ ಮುಂದಿನದಕ್ಕೆ ಹೊರಟಿತ್ತಂತೆ.

ವೆಂಡೆಲ್ ರಿವಾಲ್ವರಿನಲ್ಲಿ ತೋಟೆಗಳು ಕೂರುವ ಉರುಳೆ ಬಿಡಿಸಿ, ತೋಟೆಗಳನ್ನೆಲ್ಲ ತೆಗೆದು, ನಳಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಈಚೆಗೆ ಬೆಳಕು ಬರಲಿಲ್ಲ. ಆ ತೋಟೆಯಲ್ಲಿ ಮದ್ದೇ ಇರಲಿಲ್ಲ. ಬುಡದಲ್ಲಿ ಕಿಡಿ ಹಾರಿಸುವ ಕೇಪು ಮಾತ್ರ ಸಿಡಿದು, ಗುಂಡು ಅರ್ಧದಾರಿಗೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಂಡಿತ್ತು.

"ಇದರ ಬೆನ್ನಿಗೇ ಇನ್ನೊಂದು ಹೊಡೆದಿದ್ರೆ ರಿವಾಲ್ವರೂ ಇರ್ತಿರ್ಲಿಲ್ಲ, ನಿನ್ ಕೈಯೂ ಇರ್ತಿರ್ಲಿಲ್ಲ ಮುದುಕಾ," ಅಂದ ವೆಂಡೆಲ್. ಸದಾ ತಮಾಷೆ ಮಾಡುವವನ ಮುಖ ಸುಣ್ಣದ ಹಾಗಾಗಿತ್ತು.

ಮನೆಗೆ ಬಂದು ಊಟಕ್ಕೆ ಕೂತೆವು. ಹಾಲ್ವರ್ ಏನೂ ಆಗದವನ ಹಾಗೆ ಮಾಂಸ ಕತ್ತರಿಸುತ್ತಿದ್ದ.

"ಮದ್ದು ತುಂಬೋ ಹಿತ್ತಾಳೆ ಕೊಳವೆ ಒಂದು ಖಾಲಿ ಉಳಿದಿದೆ, ಅಷ್ಟೇ. ಯಾರಿಗ್ ಬೇಕಾದ್ರೂ ಆಗತ್ತೆ."

"ಎಣಿಸೋವಾಗ ಒಂದು ತಪ್ಪಿರ್ಬೇಕು," ಅಂದೆ. ಸಮಾಧಾನಕ್ಕೇ ಅಂದದ್ದು.

ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ ಎಣಿಕೆ ತಪ್ಪತ್ತೆ ಅಂತ ಹೇಳೋಕೆ ನೀನ್ಯಾರೇ? ಮದ್ದು ಅಳೆಯೋ ಯಂತ್ರದ ಹಿಡಿಕೆ ಎಳೆದಾಗ್ಲೆಲ್ಲ ಬಾಯಿ ಬಿಟ್ಟು ಎಣಿಸ್ತೀನಿ. ನೂರು ಕೊಳವೆಗೆ ನೂರು ಎಳೆತ. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ!"

"ಹಾಗಾದ್ರೆ ಆ ಒಂದು ಎಳೆತದ ಮದ್ದು ಎಲ್ಲಿಗ್ ಹೋಯ್ತು?"

ದೇವರಾಣೆ, ನಾನು ಚುಚ್ಚುವುದಕ್ಕೆ ಕೇಳಲಿಲ್ಲ. ಗೊತ್ತಿಲ್ಲದೆ ಕೇಳಿದೆ. ಅವನ ಚಾಕು ತಟ್ಟೆಯ ಮೇಲೆಯೇ ನಿಂತಿತು.

"ಇನ್ನೊಂದರೊಳಕ್ಕೆ," ಅಂದ ಆಮೇಲೆ. "ಒಂದರಲ್ಲಿ ಎರಡು ಸಲ ಬಿದ್ದಿದೆ."

ಅವನ ಮದ್ದು ಚಿಟಿಕೆಯಷ್ಟಿದ್ದರೂ ಸಾಕಾಗುವಂಥದ್ದು. ಕೊಳವೆಯ ತಳದಲ್ಲಿ ಬಿದ್ದಿರುತ್ತದೆ, ಎರಡು ಸಲ ಬಿದ್ದರೂ ಮೇಲೆ ಇನ್ನೂ ಜಾಗ ಇರುತ್ತದೆ. ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಯಾವ ವ್ಯತ್ಯಾಸವೂ ಇಲ್ಲ. ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ನೋಡುತ್ತಿದ್ದ. ಈ ಸಲವೂ ನೋಡಿದನಂತೆ. ಏನನ್ನು ನೋಡಿದನೋ ಪಾಪ.

ಉಳಿದ ತೋಟೆಗಳನ್ನೆಲ್ಲ ಅಡುಗೆಮನೆಯ ಮೇಜಿಗೆ ತಂದೆವು. ತೂಗಿ ನೋಡೋಣ, ಜಾಸ್ತಿ ತೂಗಿದ್ದೇ ಕಳ್ಳ ಎಂದೆ. ಆಗಲ್ಲ ಎಂದ. ಕೈಯಲ್ಲಿ ಎರಕ ಹೊಯ್ದ ಗುಂಡುಗಳು ಒಂದರ ಹಾಗೆ ಒಂದು ತೂಗುವುದಿಲ್ಲ, ಆ ಏರುಪೇರಿನಲ್ಲಿ ಒಂದು ಚಿಟಿಕೆ ಮದ್ದು ಅಡಗಿಬಿಡುತ್ತದೆ. ಒಂದೊಂದನ್ನೂ ಕಳಚಲೇಬೇಕು. ಅದಕ್ಕೆ ಟೊಳ್ಳು ತಲೆಯ ಸುತ್ತಿಗೆಯೊಂದಿದೆ. ತೋಟೆಯನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು ಬಿಟ್ಟುಕೊಂಡು ಮದ್ದು ಹೊರಗೆ ಬರುತ್ತದೆ. ಅವನು ಕುಟ್ಟಿದ, ನಾನು ಮದ್ದನ್ನು ತಕ್ಕಡಿಗೆ ಸುರಿದು ಮುಳ್ಳು ನೋಡಿ ಹೇಳಿದೆ. ಸರಿ. ಸರಿ. ಸರಿ. ಪ್ರತಿಯೊಂದಕ್ಕೂ, ಎರಡು ಪಾಲು ಇರಲಿ ದೇವರೇ, ಇಲ್ಲೇ ಇರಲಿ ಅಂದುಕೊಂಡೆ.

ಕೊನೆಯದೂ ಸರಿ ಇತ್ತು.

ಹೊಂಡದಲ್ಲಿ ಹೊಡೆದವುಗಳಲ್ಲಿ ಅದು ಇರಲಿಲ್ಲ, ಇದ್ದಿದ್ದರೆ ರಿವಾಲ್ವರೇ ಸಿಡಿದು ಗೊತ್ತಾಗುತ್ತಿತ್ತು. ಇವುಗಳಲ್ಲೂ ಇಲ್ಲ. ಅಂದರೆ ಬ್ರಿಟಾಳ ಡಬ್ಬಿಯಲ್ಲಿದೆ. ಅವಳ ರಿವಾಲ್ವರಿನಲ್ಲೇ ಇರಬಹುದು. ಟ್ರಿಗರ್ ಎಳೆದರೆ ಅವಳ ಬಲಗೈ, ಅವಳ ಮುಖ.

ಬೇಕಾದಷ್ಟು ಕಾಣಿಸುತ್ತದೆ ಎಂದು ಹೇಳಿದವಳು ನಾನು.

ಸೆಪ್ಟೆಂಬರ್ 11, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬ್ರಿಟಾ ಕೆಲಸ ಮಾಡುವ ಅರಣ್ಯ ಕಚೇರಿಗೆ ಫೋನು ಮಾಡಿದೆ. ಅಲ್ಲಿ ರೇಡಿಯೋ ನೋಡಿಕೊಳ್ಳುವ ಜೂನ್ ನನ್ನ ಶಾಲೆಯಲ್ಲೇ ಉಂಡು ಬೆಳೆದ ಹುಡುಗಿ.

"ಬ್ರಿಟಾ ಅವ್ರು ದೊಡ್ಡ ದಿಣ್ಣೆ ಆಚೆ ಇಳಿದಿದಾರೆ ಆಂಟಿ. ಅಲ್ಲಿಂದ ರೇಡಿಯೋ ಸಿಗಲ್ಲ, ಯಾವಾಗ್ಲೂ ಹಾಗೇ. ಗಾಬರಿ ಬೇಡ. ನಾಳೆ ಡೂಲಿ ಸಾಮಾನು ತಗೊಂಡು ಅವ್ರ ಬಿಡಾರಕ್ಕೇ ಹೊರಡ್ತಾನೆ, ಅವನ ಕೈಲಿ ಹೇಳಿ ಕಳಿಸಿ."

ಗಾಬರಿ ಬೇಡವಂತೆ. ಕೆಟ್ಟ ಹುಡುಗಿಯಲ್ಲ, ಆದರೂ ಫೋನು ಕುಕ್ಕಿದೆ.

ಸೆಪ್ಟೆಂಬರ್ 12, ಸೋಮವಾರ

ಬೆಳಕು ಹರಿಯುವ ಹೊತ್ತಿಗೆ ಕಾಲುದಾರಿ ಶುರುವಾಗುವ ಕಡೆ ಇದ್ದೆವು. ಡೂಲಿ ಹೇಸರಗತ್ತೆಗಳಿಗೆ ಹೇರು ಬಿಗಿಯುತ್ತಿದ್ದ. ಹೊಗೆಸೊಪ್ಪು ಜಗಿಯುವ ಒಣಕಲು ಮನುಷ್ಯ, ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ನಾನು ಅಂಗಡಿಯ ತೋಟೆಗಳ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ.

"ಏನಿದು ಹಾಲ್ವರ್! ನಿನ್ ಮನೇಲಿ ಅಂಗಡಿ ತೋಟೆನಾ? ಪ್ರಳಯ ಏನಾದ್ರೂ ಬರತ್ತಾ?"

ನಾನು ಉತ್ತರ ಕೊಡಲು ಬಾಯಿ ತೆರೆದೆ. ಹಾಲ್ವರ್ ನನ್ನ ತೋಳು ಮುಟ್ಟಿ ಮುಂದೆ ಬಂದ. ದಾರಿಯಲ್ಲಿ ಅವನು ಒಂದು ಮಾತೂ ಆಡಿರಲಿಲ್ಲ. ಇದನ್ನೇ ಬಾಯಿಪಾಠ ಮಾಡುತ್ತಿದ್ದನೆಂದು ಕಾಣುತ್ತದೆ.

"ಡೂಲಿ, ನಾನ್ ಮಾಡಿರೋ ತೋಟೆ ಕೆಟ್ಟಿವೆ. ನನ್ ಕಣ್ಣು ಹೋಗಿದೆ. ಒಂದರಲ್ಲಿ ಎರಡು ಪಾಲು ಮದ್ದಿದೆ, ಯಾವುದರಲ್ಲಿ ಅಂತ ಗೊತ್ತಿಲ್ಲ. ಒಂದನ್ನೂ ಹೊಡೀಬೇಡ ಅಂತ ನನ್ ಮಗಳಿಗೆ ಹೇಳು. ಕರಡಿ ಬಂದ್ರೂ ಹೊಡೀಬಾರ್ದು. ಅಪ್ಪ ಹೇಳಿದಾನೆ ಅನ್ನು."

ಡೂಲಿ ಜಗಿಯುವುದನ್ನು ನಿಲ್ಲಿಸಿದ. ಟೋಪಿ ತೆಗೆದ. ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಿದ, ನಾನು ಕೇಳದೆಯೇ. "ನಾಳೆ ಸಂಜೆ ಒಳಗೆ ಅಲ್ಲಿರ್ತೀನಿ ಅಕ್ಕಾ. ಊಟಕ್ಕೂ ನಿಲ್ಲಲ್ಲ," ಅಂದ.

ಹಾಲ್ವರ್ ಅಳುವುದನ್ನು ನಾನು ನೋಡಿದ್ದು ಅವನ ಅಮ್ಮ ಹೋದಾಗ. ಇವತ್ತು ಗಾಡಿಯಲ್ಲಿ ಇನ್ನೊಂದು ಸಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಅವನ ಕೈ ಹಿಡಿದು ಕೂತೆ. ಸುಕ್ಕಿನ ಗುಂಡುಗಳನ್ನು ಕದ್ದು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟದ್ದನ್ನು ಅಲ್ಲೇ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ಎಷ್ಟಿದ್ವು?" ಅಂತ ಮಾತ್ರ ಕೇಳಿದ.

ಸೆಪ್ಟೆಂಬರ್ 13, ಮಂಗಳವಾರ

ಫೋನಿಲ್ಲ. ಬ್ರೆಡ್ಡು ಸುಟ್ಟುಹೋಯಿತು.

ಸೆಪ್ಟೆಂಬರ್ 14, ಬುಧವಾರ

ಇಲ್ಲ.

ಸೆಪ್ಟೆಂಬರ್ 15, ಗುರುವಾರ

ಬಂತು! ಫೋನು ಬಂತು!

ಹಿಟ್ಟು ಮೆತ್ತಿದ ಕೈಯಲ್ಲೇ ಎತ್ತಿದೆ. ಡೂಲಿ ಮಂಗಳವಾರ ಸಂಜೆಯೇ ತಲುಪಿದನಂತೆ. ಬ್ರಿಟಾ ರೇಡಿಯೋ ಸಿಗುವ ದಿಣ್ಣೆ ಹತ್ತಿ, ಜೂನ್ ಮೂಲಕ ಸುದ್ದಿ ಕಳಿಸುವ ಬದಲು, ಕೂಗಾಡುತ್ತಾ ಕೆಳಗೇ ಇಳಿದುಬಂದಿದ್ದಾಳೆ. ಕಚೇರಿಯಿಂದಲೇ ಮಾತಾಡಿದಳು.

"ಅಮ್ಮಾ, ಒಂದೂ ಹೊಡ್ದಿಲ್ಲ. ಕೇಳಿಸ್ತಾ? ಒಂದೇ ಒಂದೂ ಹೊಡ್ದಿಲ್ಲ. ಕೈ ಎರಡೂ ಇದಾವೆ, ಬೆರಳು ಹತ್ತೂ ಇದಾವೆ. ಅಳಬೇಡ್ವೇ ಅಮ್ಮಾ."

ಅಳುತ್ತಿದ್ದೆನೇನೋ. ಆಮೇಲೆ ಹೇಳಿದಳು. ಕಳೆದ ಗುರುವಾರ ಬಿಸ್ಕಟ್ ಕಲ್ಲಿನ ಇಳಿಜಾರಿನಲ್ಲಿ ಜಾರಿ ಬಿದ್ದು ಮೇಲೇಳಲೇ ಇಲ್ಲವಂತೆ. ಕಾಲು ಮುರಿದಿದೆ ಎಂದುಕೊಂಡರು. ಅರ್ಧ ಗಂಟೆ ಕಾದರು. ಕೊನೆಗೆ ಬ್ರಿಟಾ ರಿವಾಲ್ವರ್ ತೆಗೆದು ಅದರ ಹಣೆಗೆ ಗುರಿಯಿಟ್ಟು, ಕಣ್ಣೊರೆಸಿಕೊಳ್ಳಲು ಒಂದು ಕ್ಷಣ ನಿಂತಳು. ಅಷ್ಟರಲ್ಲಿ ಆ ಹೇಸರಗತ್ತೆ ಮುಲುಗಿಕೊಂಡು ಎದ್ದು, ಮೈ ಕೊಡವಿ, ಪಕ್ಕದವನ ಟೋಪಿಗೆ ಬಾಯಿ ಹಾಕಿತಂತೆ.

"ಎದ್ದು ನಿಂತ್ಕೊಂಡ್ಬಿಡ್ತು ಅಮ್ಮಾ, ಏನೂ ಆಗಿರ್ಲಿಲ್ಲ ಅದಕ್ಕೆ! ಸೋಮಾರಿ ಮುಂಡೇದು!"

ಫೋನನ್ನು ಹಾಲ್ವರನ ಕಿವಿಗೆ ಹಿಡಿದೆ. ಅವನು ಹೂಂ, ಹೂಂ ಎಂದ. ಕುರ್ಚಿಯ ಮೇಲೆ ಕೂತ. ಮತ್ತೆ ಹೂಂ ಎಂದ. ಫೋನು ಇಟ್ಟ ಮೇಲೆ ಇಬ್ಬರೂ ಬೆಳಿಗ್ಗೆ ಮಾಡಿಟ್ಟಿದ್ದ ಪೈಯನ್ನು ತಟ್ಟೆಗೂ ಹಾಕಿಕೊಳ್ಳದೆ ಚಮಚದಲ್ಲೇ ತಿಂದು ಮುಗಿಸಿದೆವು. ಇಂಥ ರುಚಿಯ ಪೈ ನಾನು ಮಾಡಿದ್ದೇ ಇಲ್ಲ.

ಹೇಸರಗತ್ತೆ ಕಂಡರೆ ನನಗೆ ಆಗುವುದಿಲ್ಲ. ಬಿಸ್ಕಟ್‌ಗೆ ಒಂದು ಚೀಲ ಸೇಬು ಕಳಿಸಬೇಕು. ಒಳ್ಳೇ ಸೇಬು, ಬಿದ್ದ ಹಣ್ಣಲ್ಲ.

ಸೆಪ್ಟೆಂಬರ್ 17, ಶನಿವಾರ

ಬ್ರಿಟಾ ಬಂದು ಐವತ್ತು ತೋಟೆಗಳನ್ನೂ ಮೇಜಿನ ಮೇಲೆ ಸುರಿದಳು. ರಿವಾಲ್ವರಿನಲ್ಲಿದ್ದ ಆರನ್ನೂ ಅವುಗಳಲ್ಲೇ ಬೆರೆಸಿಬಿಟ್ಟಿದ್ದಳು, ಯಾವುವು ಎಂದು ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಒಂದೊಂದಾಗಿ ಕಳಚಿದೆವು. ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ ಒಂದರಿಂದ ಮದ್ದು ಸುರಿಯಿತು, ನಿಂತಿತೆಂದುಕೊಂಡೆ, ಇನ್ನೂ ಸುರಿಯಿತು. ತಕ್ಕಡಿಯ ಮುಳ್ಳು ಆ ಕೊನೆಗೆ ಹೋಗಿ ನಿಂತಿತು.

ಹಾಲ್ವರ್ ತಕ್ಕಡಿಯ ತಟ್ಟೆಯಲ್ಲಿ ಬೆರಳಿಟ್ಟು ಆ ಗುಡ್ಡೆಯನ್ನು ಮುಟ್ಟಿ ನೋಡಿದ. ಬ್ರಿಟಾ ಅವನ ಹೆಗಲಿಗೆ ತಲೆ ಆನಿಸಿದಳು. "ಸಿಕ್ತಲ್ಲ ಅಪ್ಪಾ. ಮುಗೀತು," ಅಂದಳು.

ಅವಳು ಹೋದ ಮೇಲೆ ಅವನು ಗ್ಯಾರೇಜಿನ ಬಾಗಿಲಿನ ಹಲಗೆಯನ್ನು ಕಿತ್ತು ಸೌದೆಯ ಪೆಟ್ಟಿಗೆಗೆ ಹಾಕಿದ. ನಾನು ಕಿಟಕಿಯಿಂದ ನೋಡಿದೆ. ನನಗೆ ಖುಷಿಯಾಗಬೇಕಿತ್ತು.

ಸೆಪ್ಟೆಂಬರ್ 24, ಶನಿವಾರ

ವಾರದಿಂದ ಅವನು ಜಗುಲಿಯಲ್ಲಿ ಕೂತಿದ್ದಾನೆ. ಬೇಸ್‌ಬಾಲ್ ಬೇಡ, ರೇಡಿಯೋ ಬೇಡ. ನನ್ನ ಹಿಂದೆ ಮುಂದೆ ಸುತ್ತುತ್ತಾನೆ, ಪಾತ್ರೆ ಎಲ್ಲಿಡಬೇಕೆಂದು ಸಲಹೆ ಕೊಡುತ್ತಾನೆ. ಇವತ್ತು ಸೂಪಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದ. ನನ್ನನ್ನು!

"ನನ್ ಅಡುಗೆಮನೇಲಿ ಉಪ್ಪು ಎರಡು ಸಲ ಬಿದ್ದಿದ್ದೇ ಇಲ್ಲ," ಅಂದೆ. "ಹಾಕೋ ಮುಂಚೆ ಉಪ್ಪು ಅಳೆಯೋ ಲೋಟ ಬೋರಲಾಗಿರತ್ತೆ. ಹಾಕಿದ ಮೇಲೆ ನೆಟ್ಟಗೆ ನಿಲ್ಲಿಸ್ತೀನಿ. ಅಡುಗೆಮನೇಲಿ ಐದು ಜನ ಇದ್ರೂ ಯಾರೂ ಯಾರನ್ನೂ ಕೇಳ್ಬೇಕಾಗಿಲ್ಲ."

ಅವನು ತಲೆ ಎತ್ತಿದ. "ಕೊಳವೆಗೂ ಹಾಗೇ ಮಾಡೋರು ಇದಾರೆ. ಬೋರಲು ಇಟ್ಟಿರ್ತಾರೆ. ಒಂದನ್ನ ಎತ್ತಿ, ಮದ್ದು ಹಾಕಿ, ಅಲ್ಲೇ ಗುಂಡು ಕೂರಿಸಿ ಕೆಳಗಿಡ್ತಾರೆ. ನಿಧಾನ ಅಂತ ನಾನು ಮಾಡ್ತಿರ್ಲಿಲ್ಲ."

"ಎರಡು ಸಲ ಬಿದ್ರೆ ಉಕ್ಕಿ ಚೆಲ್ಲೋ ಅಂಥ ಮದ್ದು ಇಲ್ವಾ? ಅನ್ನಕ್ಕೆ ಎರಡು ಪಾಲು ಅಕ್ಕಿ ಬಿದ್ರೆ ಪಾತ್ರೆನೇ ಹೇಳತ್ತೆ."

"ಇದೆ. ಉಬ್ಬಿರೋ ಮದ್ದು. ಒಂದು ಪಾಲಿಗೇ ಕೊಳವೆ ಮುಕ್ಕಾಲು ತುಂಬತ್ತೆ. ಡಬ್ಬಿ ಬೇಗ ಖಾಲಿಯಾಗತ್ತೆ ಅಂತ..."

"ಅಂತ ತರ್ಲಿಲ್ಲ. ಜಿಪುಣ."

ಸೋಮವಾರ ಪೇಟೆಗೆ ಹೋಗುತ್ತೇನೆ. ಹೇಗೂ ಯೀಸ್ಟು ತರಬೇಕಿತ್ತು. ಗ್ಯಾರೇಜಿನ ಸಹವಾಸ ನನಗೆ ಬೇಕಿಲ್ಲ, ಅವನು ಜಗುಲಿಯಿಂದ ಎದ್ದರೆ ಸಾಕು.

ಅಕ್ಟೋಬರ್ 1, ಶನಿವಾರ

ಎರಕ ಅವನದು, ಮದ್ದು ನನ್ನದು ಎಂದು ಗೊತ್ತುಮಾಡಿಕೊಂಡೆವು. ಗುಂಡಿನ ಸುಕ್ಕು ಅವನ ಹೆಬ್ಬೆರಳಿಗೆ ಸಿಗುತ್ತದೆ; ಹಿಟ್ಟಿನ ಡಬ್ಬಿಯ ಹಿಂದಿದ್ದವನ್ನು ಕೊಟ್ಟು ಪರೀಕ್ಷೆ ಮಾಡಿದೆ, ಒಂದನ್ನೂ ಬಿಡಲಿಲ್ಲ. ನಾನು ಮದ್ದಿನ ಪುಸ್ತಕ ಗಟ್ಟಿಯಾಗಿ ಓದಿದೆ. ನಮ್ಮ ಗುಂಡಿಗೆ ಅದರಲ್ಲಿ ಕೊಟ್ಟಿರುವ ಎಲ್ಲಕ್ಕಿಂತ ಕೆಳಗಿನ ಅಳತೆಯಿಂದ ಶುರುಮಾಡಬೇಕು, ಅಲ್ಲಿಂದ ಒಂದೊಂದೇ ಮೆಟ್ಟಿಲು. ಅವನಿಗೆ ನೇರವಾಗಿ ಅಟ್ಟಕ್ಕೆ ಹಾರುವ ಅಭ್ಯಾಸ.

ಹೊಂಡದಲ್ಲಿ ಮೊದಲನೆಯದನ್ನು ನಾನೇ ಹೊಡೆದೆ. ಡಂ! ತುಂಬಿದ ದನಿ, ಬಿರಡೆಯ ಸದ್ದಲ್ಲ. ವೆಂಡೆಲ್ ದೂರದಿಂದ ಚಪ್ಪಾಳೆ ತಟ್ಟಿದ. ಬಂಡೆಯ ಹಿಂದೆ ನಿಂತು ತಟ್ಟಿದ, ಹೇಡಿ.

ಖಾಲಿ ಕೊಳವೆಗಳು ಉರುಳೆಯಿಂದ ತಾವಾಗಿಯೇ ಜಾರಿ ಬಿದ್ದವು. ಮದ್ದು ಹೆಚ್ಚಾಗಿಲ್ಲ ಅನ್ನುವುದಕ್ಕೆ ಅದು ಒಳ್ಳೇ ಲಕ್ಷಣವಂತೆ.

ಅಕ್ಟೋಬರ್ 8, ಶನಿವಾರ

ಮೂರು ಮೆಟ್ಟಿಲು ಹತ್ತಿದೆವು. ಎರಡನೆಯದರಲ್ಲಿ ಡ್ರಮ್ಮಿನ ಮೇಲೆ ತೂತುಗಳೆಲ್ಲ ಒಂದು ಅಂಗೈಯಗಲದಲ್ಲಿ ಬಿದ್ದವು. ಮೂರನೆಯದರಲ್ಲಿ ಚದರಿಹೋದವು, ನಳಿಗೆಯ ಒಳಗೆ ಸೀಸ ಮೆತ್ತಿಕೊಂಡಿತು, ಒಂದು ಕೊಳವೆಯನ್ನು ಹೊರಗೆ ತಳ್ಳಬೇಕಾಯಿತು.

"ಪುಸ್ತಕದಲ್ಲಿ ಇನ್ನೂ ಮೇಲಿದೆ," ಅಂದ ಹಾಲ್ವರ್. "ಕರಡಿಗೆ ಇದು ಸಾಲಲ್ಲ ಕಣೇ. ಇನ್ನೊಂದ್ ಸ್ವಲ್ಪ..."

"ಇನ್ನೊಂದ್ ಸ್ವಲ್ಪನೂ ಇಲ್ಲ, ಮತ್ತೊಂದ್ ಸ್ವಲ್ಪನೂ ಇಲ್ಲ. ಎರಡನೇ ಮೆಟ್ಟಿಲಿಗೆ ನಿಲ್ತೀವಿ. ಗುರಿಗೆ ಬೀಳದ ಗುಂಡಿಂದ ಕರಡಿಗೆ ಏನಾಗತ್ತೆ? ಸದ್ದಿಗೆ ಸಾಯತ್ತಾ?"

ವೆಂಡೆಲ್ ನಕ್ಕ. "ನಿನ್ ಯಜಮಾನಿಕೆ ಮುಗೀತು ಮುದುಕಾ." ಹಾಲ್ವರ್ ಕೂಡ ನಕ್ಕ. ಆಮೇಲೆ ನಳಿಗೆಗೆ ಬ್ರಷ್ ಹಾಕಿ ಉಜ್ಜಲು ಕೂತ. ಉಜ್ಜುವಾಗ ಸಿಳ್ಳೆ ಹಾಕುತ್ತಾನೆ. ಅವನಿಗೆ ಸಿಳ್ಳೆ ಬರುತ್ತದೆಂದು ಮರೆತೇ ಹೋಗಿತ್ತು.

ಅಕ್ಟೋಬರ್ 15, ಶನಿವಾರ

ಬ್ರಿಟಾ ಕೊನೆಯ ಸಲ ಬೆಟ್ಟಕ್ಕೆ ಹೋಗುತ್ತಿದ್ದಾಳೆ, ಹಿಮ ಬರುವ ಮುಂಚೆ ಬಿಡಾರ ಕಿತ್ತು ತರಲು. ತೋಟೆ ತೆಗೆದುಕೊಂಡು ಹೋಗಲು ಬಂದಳು. ಬಂದವಳು ನೇರ ಗ್ಯಾರೇಜಿನ ಬಾಗಿಲಿಗೆ ಬಂದು, "ಅಮ್ಮಾ, ಊಟಕ್ಕೇನು?" ಎಂದು ಶುರುಮಾಡಿದಳು. ಕೊಳವೆಗಳು ಬೋರಲಾಗಿ ಸಾಲಾಗಿ ಕಾಯುತ್ತಿವೆ, ಒಂದು ನನ್ನ ಕೈಯಲ್ಲಿದೆ, ಅದರ ಬಾಯಿಯ ಮೇಲೆ ಮದ್ದಿನ ಯಂತ್ರ. ಇಂಥ ಹೊತ್ತಿನಲ್ಲಿ ಊಟವಂತೆ! ಕೈ ಎತ್ತಿದೆ. ಸಾಲು ಮುಗಿಯುವವರೆಗೆ ತಿರುಗಲಿಲ್ಲ.

"ಶ್, ಈಗ ಮಾತಾಡಿಸ್ಬೇಡ, ನಿಮ್ಮಮ್ಮ ಮದ್ದು ಹಾಕ್ತಿದಾಳೆ," ಎಂದು ಹಾಲ್ವರ್ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಅಪ್ಪ ಮಗಳು ಹೊರಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ಎಂದು ಕೇಳಿದರೆ ಇಬ್ಬರೂ ಹೇಳಲ್ಲ. ಈ ಮನೆಯಲ್ಲಿ ಯಾರಿಗೂ ಒಂದು ಕೆಲಸದ ಗಾಂಭೀರ್ಯ ಗೊತ್ತಿಲ್ಲ.

ಹೊರಡುವಾಗ ಗಾಡಿಯ ಹತ್ತಿರ ಅವಳು ಏನೂ ಕೇಳಲಿಲ್ಲ. ನಾನೇ ಹೇಳಿದೆ:

"ಅಪ್ಪಂಗೆ ನಡುವೆ ಏನೂ ಕಾಣ್ಸಲ್ಲ, ಬ್ರಿಟಾ. ಅಂಚು ಮಾತ್ರ ಕಾಣ್ಸತ್ತೆ. ಆ ದಿನ ನಾನು ಸುಳ್ಳು ಹೇಳಿದ್ದೆ."

"ಗೊತ್ತು," ಅಂದಳು. ರಿವಾಲ್ವರ್ ತೆಗೆದು, ನಮ್ಮ ಡಬ್ಬಿ ಬಿಚ್ಚಿ, ನಮ್ಮಿಬ್ಬರ ಕಣ್ಣೆದುರಿಗೇ ಆರು ತೋಟೆಗಳನ್ನೂ ಒಂದೊಂದಾಗಿ ಉರುಳೆಗೆ ತುಂಬಿಕೊಂಡಳು. ಹಾಲ್ವರ್ ಕಿವಿಗೊಟ್ಟು ಪ್ರತಿಯೊಂದು ಕೂರುವ ಸದ್ದನ್ನೂ ಎಣಿಸಿದ. ಅವನ ತುಟಿ ಅಲ್ಲಾಡುತ್ತಿತ್ತು. ಅಂಗಡಿಯ ತೋಟೆಗಳನ್ನು ಅವಳು ನನಗೆ ವಾಪಸ್ ಕೊಟ್ಟಳು. ಬಿಸ್ಕಟ್‌ನ ಸೇಬಿನ ಚೀಲ ಅವಳ ಪಕ್ಕದ ಸೀಟಿನಲ್ಲಿ ಕೂತಿತು.

ಅವಳು ಹೋದ ಮೇಲೆ ಸೌದೆಯ ಪೆಟ್ಟಿಗೆಯಲ್ಲಿ ಹುಡುಕಿ ಆ ಹಳೇ ಹಲಗೆ ತೆಗೆದೆ. ಅದೃಷ್ಟಕ್ಕೆ ಇನ್ನೂ ಒಲೆಗೆ ಬಿದ್ದಿರಲಿಲ್ಲ. ಜನಕ್ಕೆ ಹೇಳದಿದ್ದರೆ ಗೊತ್ತಾಗುವುದಿಲ್ಲ, ಏನು ಮಾಡುವುದು. ಹಾಲ್ವರ್ ಹಿಡಿದುಕೊಂಡ, ನಾನು ಮೊಳೆ ಹೊಡೆದೆ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಎಡಗಡೆ ಸ್ವಲ್ಪ ಸೊಟ್ಟಗಿದೆ ಎಂದ.

ನೋಡಿದೆ. ಸೊಟ್ಟಗೇ ಇತ್ತು. ಅಂಚು ಅವನಿಗೆ ಚೆನ್ನಾಗಿ ಕಾಣುತ್ತದೆ.